ಗಾಡಿಮನೆಗೆ ಎಣ್ಣಿನೀರು

ಈ ಹುಡುಗಿ ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವನು ಬಸಪ್ಪ ಮಾವ, ನಮ್ಮ ಅವ್ವನ ಅಣ್ಣ. ಮಸ್ಕಿಯಲ್ಲಿ ಅವನದು ಕಿರಾಣಿ ಅಂಗಡಿ. ನಾನು ಏಳನೆಯ ತರಗತಿ ಪಾಸಾದೆನೆಂದು ಸಕ್ಕರೆ ತರಲು ಹೋದ ಅವ್ವ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಮಾವ ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಟ್ಟುಕೊಂಡೇ, ಇವತ್ತು ಮಳೆ ಬರಲಿಕ್ಕಿಲ್ಲ ಎನ್ನುವಷ್ಟು ಸಲೀಸಾಗಿ ಹೇಳಿದ:

“ಓದಿಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಡಿಗ್ರಿ ಗಿಗ್ರಿ ಅಂತ ಕನಸು ಕಾಣಬ್ಯಾಡ ತಂಗಿ. ನಿಂದು ಗಾಲಿ ಮ್ಯಾಲಿನ ಮನಿ. ಇವತ್ತ ತುರ್ವಿಹಾಳ, ನಾಳಿ ಮುದಗಲ್. ಮನಿನ ನಿಂತಲ್ಲಿ ನಿಂದ್ರಂಗಿಲ್ಲ, ಹುಡುಗಿ ಸಾಲ್ಯಾಗ ಹೆಂಗ ನಿಂದರ್ತಾಳ?”

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಷ್ಟು ಹೊತ್ತಿಗೆ ನಾನು ಐದು ಶಾಲೆಗಳ ಹಾಜರಿ ಪುಸ್ತಕದಲ್ಲಿ ನೀಲಿ ಎಂದು ಹೆಸರು ಬರೆಸಿದ್ದೆ. ವಳಕಮದಿನ್ನಿಯಲ್ಲಿ ಭಾಗಾಕಾರ ಶುರುವಾಗುವ ಮುಂಚೆ ಹೊರಟೆವು, ಮುದಗಲ್ಲಿಗೆ ಬಂದರೆ ಅಲ್ಲಿ ಭಾಗಾಕಾರ ಮುಗಿದು ಭಿನ್ನರಾಶಿ ನಡೆದಿತ್ತು. ಉದ್ದ ಭಾಗಾಕಾರವೆಂದರೆ ಇವತ್ತಿಗೂ ನನಗೆ ಅಳುಕು. ಈಗ ನಾನು ಲಿಂಗಸುಗೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ಪಾಠ ಹೇಳುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನೇ. ಹಾಗೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಸಂದರ್ಭ ಸಿಕ್ಕರೆ ಎರಡು ಸಲ ಹೇಳುತ್ತೇನೆ. ಆದರೆ ಆ ವರ್ಷಗಳನ್ನು ಬರೆಯಲು ಕೂತರೆ ಮಾವನ ಮಾತಿಗಿಂತ ಮುಂಚೆ ನೆನಪಾಗುವುದು ನನ್ನ ಹೊಟ್ಟೆಕಿಚ್ಚು. ಅದು ನನ್ನ ತಂಗಿ ಗಂಗಿಯ ಮೇಲಿನದು. ಅವಳು ನನಗಿಂತ ಎರಡು ವರ್ಷ ಚಿಕ್ಕವಳು, ಅಕ್ಷರ ಕೂಡಿಸಿ ಓದುವುದು ಬರುವ ಮುಂಚೆಯೇ ಶಾಲೆ ಬಿಟ್ಟವಳು. ಶಾಲೆ ಬಿಟ್ಟವಳ ಮೇಲೆ ಶಾಲೆಗೆ ಹೋದವಳಿಗೆ ಎಂಥ ಹೊಟ್ಟೆಕಿಚ್ಚು ಎಂದು ಯಾರಾದರೂ ಕೇಳಬಹುದು. ಅದನ್ನು ಹೇಳಬೇಕಾದರೆ ಮೊದಲು ನಮ್ಮ ಮನೆಯ ಸುದ್ದಿ ಹೇಳಬೇಕು.

ನಮ್ಮ ಮನೆ ಒಂದು ಬಸ್ಸು. ಯಾವುದೋ ಖಾಸಗಿ ಸರ್ವಿಸ್ಸಿನವರು ಓಡಿಸಿ ಸಾಕಾಗಿ ಮಾರಿದ್ದನ್ನು ಅಪ್ಪ ಕೊಂಡು, ಸೀಟುಗಳನ್ನೆಲ್ಲ ಕಿತ್ತು, ಮನೆ ಮಾಡಿದ್ದ. ಅಪ್ಪ ಈರಣ್ಣ ಭತ್ತ ಕೊಯ್ಯುವ ಮಷೀನುಗಳ ಮೆಕ್ಯಾನಿಕ್ಕು. ಕಾಲುವೆ ನೀರಿನ ಸೀಮೆಯಲ್ಲಿ ಸುಗ್ಗಿ ಬಂತೆಂದರೆ ಆ ಮಷೀನುಗಳು ಗದ್ದೆಯಿಂದ ಗದ್ದೆಗೆ ಹೋಗುತ್ತವೆ, ಕೆಟ್ಟರೆ ಗದ್ದೆಯಲ್ಲೇ ನಿಲ್ಲುತ್ತವೆ. ಅವುಗಳ ಬೆನ್ನಿಗೆ ನಮ್ಮ ಮನೆ ಹೋಗುತ್ತಿತ್ತು. ಡ್ರೈವರ್ ಸೀಟಿನ ಹಿಂದೆ ಅಡಿಗೆಮನೆ: ಒಂದು ಸ್ಟೋವು, ಅಲುಗದಂತೆ ಕಂಬಿಗೆ ಕಟ್ಟಿದ ರೊಟ್ಟಿಬುಟ್ಟಿ, ಶೇಂಗಾಚಟ್ನಿಯ ಡಬ್ಬಿ. ನಡುವೆ ನಾಲ್ಕು ಹೆಜ್ಜೆಯ ಜಾಗಕ್ಕೆ ನಾವು ಪಡಸಾಲೆ ಎನ್ನುತ್ತಿದ್ದೆವು. ಹಿಂದಿನ ಗಾಲಿಗಳ ಮೇಲೆ ಹಲಗೆಯ ಮಂಚ. ಹಿತ್ತಿಲ ಬಾಗಿಲಿನ ಮೇಲೆ ‘ತುರ್ತು ನಿರ್ಗಮನ’ ಎಂದು ಕೆಂಪು ಅಕ್ಷರದಲ್ಲಿ ಬರೆದಿತ್ತು. ನಾನು ಮೊಟ್ಟಮೊದಲು ಓದಿದ ಒತ್ತಕ್ಷರ ಅದು. ಗಾಡಿ ಹೊರಡುವ ಹಿಂದಿನ ದಿನ ಅವ್ವ ಹಾಲಿಗೆ ಹೆಪ್ಪು ಹಾಕುತ್ತಿರಲಿಲ್ಲ, ಮೊಸರು ಒಡೆಯುತ್ತದೆಂದು. ಹಾಲು ಹಾಗೇ ಇದ್ದರೆ ನಾಳೆ ಬೇರೆ ಊರು ಎಂದು ನಮಗೆ ತಿಳಿಯುತ್ತಿತ್ತು. ಎಲ್ಲ ಸೀಟು ಕಿತ್ತ ಅಪ್ಪ ಕಂಡಕ್ಟರ್ ಸೀಟೊಂದನ್ನು ಮಾತ್ರ ಬಿಟ್ಟಿದ್ದ. ಅದು ನನ್ನ ಓದುವ ಜಾಗ. ಅಲ್ಲಿ ಕೂತಾಗ ನನ್ನನ್ನು ಯಾರೂ ನೀರಿಗೆ ಕಳಿಸಬಾರದು, ಕರೆಯಬಾರದು ಎಂಬುದು ಅಪ್ಪನ ಕಟ್ಟಪ್ಪಣೆ. ಆ ಸೀಟಿನಲ್ಲಿ ನಾನು ಎಷ್ಟು ಓದಿದೆನೋ ಅಷ್ಟೇ ಕುದ್ದೆ.

ಹಬ್ಬಕ್ಕೆ ಬೇರೆಯವರ ಮನೆಗೆ ಸುಣ್ಣ ಬೀಳುತ್ತದೆ, ನಮ್ಮ ಮನೆಗೆ ಎಣ್ಣೆ ಬೀಳುತ್ತಿತ್ತು. ದೀಪಾವಳಿಗೆ ನಮ್ಮ ಕಡೆ ಎಲ್ಲರ ತಲೆಗೂ ಎಣ್ಣೆ ತಿಕ್ಕಿ ಬಿಸಿನೀರು ಹಾಕುತ್ತಾರೆ, ಅದಕ್ಕೆ ಎಣ್ಣಿನೀರು ಎನ್ನುತ್ತೇವೆ. ಭತ್ತದ ಸುಗ್ಗಿಯೂ ಅದರ ಬೆನ್ನಿಗೇ ಬರುತ್ತದೆ. ಸುಗ್ಗಿಯ ತಿರುಗಾಟಕ್ಕೆ ಮುಂಚೆ, ಅದೇ ಹಬ್ಬದಲ್ಲಿ, ಅಪ್ಪ ಬಸ್ಸಿನ ಗೇರ್ ಬಾಕ್ಸಿನ ಹಳೆಯ ಎಣ್ಣೆ ತೆಗೆದು ಹೊಸದು ಹಾಕುತ್ತಿದ್ದ. ಹಿಂದಿನ ಅಚ್ಚಿನ ನಡುವೆ ದುಂಡನೆಯ ಹೊಟ್ಟೆಯೊಂದಿರುತ್ತದೆ, ಮೆಕ್ಯಾನಿಕ್ಕುಗಳು ಅದಕ್ಕೆ ಹೌಸಿಂಗ್ ಎನ್ನುತ್ತಾರೆ. ಅದರ ಎಣ್ಣೆಯೂ ಬದಲಾಗಬೇಕು. ಇದಕ್ಕೂ ನಮ್ಮ ಮನೆಯಲ್ಲಿ ಎಣ್ಣಿನೀರು ಎಂದೇ ಹೆಸರು. ಮೊದಲು ಗಾಡಿಯನ್ನು ಕಾಲುವೆಯ ಸೇತುವೆಯವರೆಗೆ ಓಡಿಸಿ ತರಬೇಕು. ಎಣ್ಣೆ ಬಿಸಿಯಾದರೆ ಅಡಿಯ ಕೆಸರನ್ನೂ ಕೂಡಿಕೊಂಡು ಇಳಿಯುತ್ತದೆ. ಆಮೇಲೆ ಪಡಸಾಲೆಯ ಒಂದು ಹಲಗೆ ಎತ್ತಿದರೆ ಕೆಳಗೆ ಗೇರ್ ಬಾಕ್ಸು ಕಾಣುತ್ತಿತ್ತು. ಅಗಲದ ಬೋಗುಣಿಯೊಳಗೆ ಹಳೆಯ ಎಣ್ಣೆ ಕಪ್ಪಗೆ, ಬೆಲ್ಲದ ಪಾಕದ ಹಾಗೆ ಎಳೆಎಳೆಯಾಗಿ ಇಳಿಯುತ್ತಿತ್ತು. ಕೆಳಗಿನ ನಟ್ಟಿನ ತುದಿಗೆ ಒಂದು ಚುಂಬಕ ಇರುತ್ತದೆ. ವರ್ಷವಿಡೀ ಒಳಗೆ ಹಲ್ಲು ಹಲ್ಲು ಉಜ್ಜಿ ಉದುರಿದ ಕಬ್ಬಿಣದ ಹಿಟ್ಟು ಅದಕ್ಕೆ ಅಂಟಿರುತ್ತದೆ. ಅಪ್ಪ ಅದನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ, ಹಿಟ್ಟು ನುಣ್ಣಗಿದ್ದರೆ ಗಾಡಿಗೆ ಈ ವರ್ಷ ಧೋಕಾ ಇಲ್ಲ ಎನ್ನುತ್ತಿದ್ದ. ಹರಳು ಹರಳಾಗಿದ್ದರೆ ಮಾತಾಡುತ್ತಿರಲಿಲ್ಲ. ನಟ್ಟಿನ ತಾಮ್ರದ ವಾಷರನ್ನು ಅವ್ವನ ಸ್ಟೋವಿನ ಮೇಲೆ ಕೆಂಪಗೆ ಕಾಯಿಸುತ್ತಿದ್ದ. ಇದಕ್ಕೆ ಪ್ರತಿವರ್ಷ ಜಗಳ.

“ಹೋಳಿಗಿ ಮಾಡೂ ಒಲಿ ಮ್ಯಾಲ ಏನ್ರಿ ಇದು ನಿಮ್ಮ ಉಂಗುರ?”

“ಸುಟ್ರ ಮೆತ್ತಗಾಗ್ತೈತಿ. ಮೆತ್ತಗಾದ್ರ ಸೋರಂಗಿಲ್ಲ.”

“ಮನಶ್ಯಾರೂ ಹಂಗ ಆಗಿದ್ರ ನಿಮ್ಮ ತಾಯಿನ್ನ ಒಮ್ಮೆ ಒಲಿ ಮ್ಯಾಲ ಕುಂದ್ರಸ್ತಿದ್ದೆ.”

ಇದಿಷ್ಟೂ ನಾನು ಮೇಲಿನಿಂದ ಕಂಡದ್ದು. ಗಾಡಿಯ ಕೆಳಗೆ ಗೋಣಿಚೀಲದ ಮೇಲೆ ಅಂಗಾತ ಮಲಗಿ ಕೆಲಸ ಮಾಡುತ್ತಿದ್ದವರು ಅಪ್ಪ ಮತ್ತು ಗಂಗಿ. ಕಂಡಕ್ಟರ್ ಸೀಟಿನಲ್ಲಿ ಪುಸ್ತಕ ಹಿಡಿದು ಕೂತ ನನಗೆ ಕಾಲ ಕೆಳಗಿನ ಹಲಗೆಯ ಮೂಲಕ ಅವರ ಮಾತು ಗುಣುಗುಣು ಕೇಳುತ್ತಿತ್ತು. ಆಗಾಗ ನಗು ಕೇಳುತ್ತಿತ್ತು. ಅಪ್ಪ ಮೇಲೆ, ನಮ್ಮೆದುರು, ನಗುವ ಮನುಷ್ಯನಲ್ಲ. ಕೆಳಗೆ ಅವನನ್ನು ಇಷ್ಟು ನಗಿಸುವುದು ಏನು ಎಂದು ಗಂಗಿಯನ್ನು ಕೇಳಿದರೆ, “ಏನಿಲ್ಲಕ್ಕ, ನಟ್ಟು ಬಿಚ್ಚಲಿಲ್ಲ, ಅದಕ್ಕ ನಕ್ವಿ” ಎನ್ನುತ್ತಿದ್ದಳು. ನಟ್ಟು ಬಿಚ್ಚದಿದ್ದರೆ ಯಾರಾದರೂ ನಗುತ್ತಾರೆಯೇ? ಬೇಕೆಂದೇ ನನ್ನಿಂದ ಮುಚ್ಚಿಡುತ್ತಾಳೆ ಎಂದು ನಾನು ತಿಳಿದಿದ್ದೆ. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಅವನು ಅವಳನ್ನು ಕರೆಯುತ್ತಿದ್ದ ರೀತಿ.

“ಲೇ ಗಂಗೀ, ಇಪ್ಪತ್ತನಾಕು ಕೊಡಲೇ.”

“ಕೊಟ್ಟೀನಿ ತಗೋ ಉಸ್ತಾದ.”

ಇಪ್ಪತ್ತನಾಕು ಎಂದರೆ ಇಪ್ಪತ್ನಾಲ್ಕನೇ ನಂಬರಿನ ಪಾನಾ, ನಟ್ಟು ಬಿಚ್ಚುವ ಸ್ಪ್ಯಾನರು. ಅವಳು ಕತ್ತಲಲ್ಲಿ ಕೈಯಾಡಿಸಿಯೇ ಅದನ್ನು ಹುಡುಕಿ ಕೊಡುತ್ತಿದ್ದಳು. ಇನ್ನು ನನ್ನ ಹತ್ತಿರ ಅಪ್ಪ ಆಡುತ್ತಿದ್ದ ಮಾತು: “ಬಾಯಾರ, ಊಟ ಆತೇನ್ರಿ?” ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಬಾಯಾರು ಎನ್ನುತ್ತಾರೆ. ನಾನು ಎರಡನೆಯ ತರಗತಿಯಲ್ಲಿ ಮಗ್ಗಿ ತಪ್ಪದೆ ಹೇಳಿದ ದಿನದಿಂದ ಅವನಿಗೆ ನಾನು ಬಾಯಾರು. ಪ್ರೀತಿಯಿಂದಲೇ ಅನ್ನುತ್ತಿದ್ದ, ಅದು ಈಗ ತಿಳಿಯುತ್ತದೆ. ಆಗ ನನಗೆ ಕೇಳಿಸುತ್ತಿದ್ದದ್ದು ಆ ‘ರೀ’ ಒಂದೇ. ಬಾಗಿಲಿಗೆ ಬಂದ ಪರಸ್ಥಳದವರಿಗೆ ಹೇಳುವ ರೀ, ಆಫೀಸಿನ ಕಿಟಕಿಯಲ್ಲಿ ಹೇಳುವ ರೀ. ಊರಿನವರೆಲ್ಲ ಮರ್ಯಾದೆಗಾಗಿ ಬಡಿದಾಡುವ ಸೀಮೆಯಲ್ಲಿ ನಾನು ಒಂದು ‘ಲೇ’ಗಾಗಿ ಹಂಬಲಿಸಿ ಬೆಳೆದೆ. ಅಪ್ಪ ಈಗಲೂ ಮಸ್ಕಿಯಲ್ಲಿ ಗಂಗಿಯ ಗ್ಯಾರೇಜಿನ ಸ್ಟೂಲಿನ ಮೇಲೆಯೇ ಇರುತ್ತಾನೆ. ನನ್ನ ಮನೆಗೆ ಬಂದರೆ ಎರಡು ದಿನ, ಮೂರನೆಯ ದಿನ ಚಪ್ಪಲಿ ಹುಡುಕುತ್ತಾನೆ. ಇದನ್ನು ಬರೆಯುವಾಗಲೂ ಎದೆಯಲ್ಲಿ ಸಣ್ಣಗೆ ಚುರ್ ಎನ್ನುತ್ತದೆ.

ಮುದಗಲ್ಲಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ದಿನ, ರಾತ್ರಿ ಊಟದ ಹೊತ್ತಿಗೆ, ಧೈರ್ಯ ಮಾಡಿ ಕೇಳಿಬಿಟ್ಟೆ.

“ಅಪ್ಪಾ, ಈ ಸಲ ಎಣ್ಣಿನೀರಿಗೆ ನಾನೂ ಕೆಳಗ ಇಳೀಲೇನು?”

“ಬ್ಯಾಡ್ರಿ ಬಾಯಾರ.”

“ಗಂಗಿ ಇಳೀತಾಳಲ್ಲ.”

ಅಪ್ಪ ಊಟ ನಿಲ್ಲಿಸಿದ. ತನ್ನ ಬಲಗೈಯನ್ನು ದೀಪದ ಬುಡಕ್ಕೆ ಹಿಡಿದು, ನನಗೂ ಗಂಗಿಗೂ ಅವ್ವನಿಗೂ ಕೇಳುವ ಹಾಗೆ ಹೇಳಿದ:

“ಈ ಕೈ ಮೂರನೇ ಕ್ಲಾಸಿನ್ಯಾಗ ಪಾನಾ ಹಿಡೀತು. ಮತ್ತ ಪಾಟಿಗೆ ತಿರಗಲಿಲ್ಲ. ಒಂದು ಕೈಗೆ ಒಂದ ಕೆಲ್ಸ. ಪಾನಾ ಹಿಡದ ದಿನ ನೀಲಿ ಪುಸ್ತಕ ಮುಚ್ಚಿದಂಗ. ಕಾಲೇಜೂ ಇಲ್ಲ, ಏನೂ ಇಲ್ಲ. ಇದು ನನ್ನ ಮಾತು.”

ಅಪ್ಪ ಮಾತು ಆಡುವುದೇ ಕಡಿಮೆ, ಆಡಿದ್ದನ್ನು ತಿರುಗಿಸಿದ್ದನ್ನು ನಾವು ಕಂಡಿರಲಿಲ್ಲ.

ಸಿಂಧನೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಬಿ.ಎ. ಎರಡನೆಯ ವರ್ಷ ಓದುತ್ತಿದ್ದಾಗ ದೀಪಾವಳಿಗೆ ಮನೆಗೆ ಬಂದೆ. ಮನೆ ಆಗ ವಳಕಮದಿನ್ನಿಯ ಕಾಲುವೆ ದಂಡೆಯ ಮೇಲೆ ಒಂದು ಬೇವಿನ ಮರದ ನೆರಳಲ್ಲಿ ನಿಂತಿತ್ತು. ಮರುದಿನವೇ ಮಸ್ಕಿ ಕಡೆಗೆ ಹೊರಡಬೇಕಿತ್ತು. ಅಲ್ಲಿಯ ಕ್ಯಾಂಪಿನಲ್ಲಿ, ಎಂದರೆ ಆಂಧ್ರದಿಂದ ಬಂದು ನೆಲೆಸಿದ ರೈತರ ಊರಿನಲ್ಲಿ, ಮೂರು ಕೊಯ್ಯುವ ಮಷೀನುಗಳು ಅಪ್ಪನ ಕೈಗಾಗಿ ಕಾದಿದ್ದವು. ಬೆಳಿಗ್ಗೆ ಅಪ್ಪ ಗಾಡಿಯನ್ನು ಸೇತುವೆಯವರೆಗೆ ಓಡಿಸಿ ತಂದು ನಿಲ್ಲಿಸಿದ್ದನಷ್ಟೇ, ತುರ್ವಿಹಾಳದಿಂದ ಒಬ್ಬ ಬೈಕಿನ ಮೇಲೆ ಬಂದ. ಅವನ ಮಷೀನಿನ ಬೆಲ್ಟು ಹರಿದಿತ್ತು. ಅಪ್ಪ ಮತ್ತು ಗಂಗಿ ಅವನ ಜೊತೆ ಹೋದರು. ಅವ್ವ ಬಟ್ಟೆ ಗಂಟು ಹೊತ್ತು ಕಾಲುವೆಗೆ ಇಳಿದಳು. ಗಾಡಿ ಬಿಸಿಯಾಗಿತ್ತು. ಬೋಗುಣಿ ಇತ್ತು, ಹೊಸ ಎಣ್ಣೆಯ ಡಬ್ಬಿ ಇತ್ತು, ಗೋಣಿಚೀಲದ ಮೇಲೆ ಪಾನಾಗಳು ಸಾಲಾಗಿದ್ದವು. ಅವರು ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿಸಿ, ನೋಡು ಎನ್ನಬೇಕು. ಅಪ್ಪ ಸಿಟ್ಟಾದರೂ ಕೆಲಸ ಚೆನ್ನಾಗಿದ್ದರೆ ಕರಗುತ್ತಾನೆ, ಗಂಗಿಯ ಮುಖ ಸಣ್ಣದಾಗುತ್ತದೆ. ನಿಜ ಹೇಳಬೇಕೆಂದರೆ ಆ ಸಣ್ಣದಾದ ಮುಖ ನೋಡುವ ಆಸೆಯೇ ನನ್ನನ್ನು ಕೆಳಗಿಳಿಸಿದ್ದು.

ಹೌಸಿಂಗಿಗೆ ಎರಡು ನಟ್ಟು. ತಳದಲ್ಲಿ ಒಂದು, ಹಳೆಯ ಎಣ್ಣೆ ಬಿಡುವುದಕ್ಕೆ. ಪಕ್ಕದಲ್ಲಿ ಸ್ವಲ್ಪ ಎತ್ತರಕ್ಕೆ ಇನ್ನೊಂದು, ಹೊಸದು ಹಾಕುವುದಕ್ಕೆ. ನನ್ನದು ಪಾತ್ರೆ ತೊಳೆದವಳ ಬುದ್ಧಿ: ಮೊದಲು ಖಾಲಿ ಮಾಡು, ಆಮೇಲೆ ತುಂಬು. ತಳದ ನಟ್ಟು ಬಿಚ್ಚಿತು. ಎಣ್ಣೆ ಬಿಸಿಬಿಸಿಯಾಗಿ ಮೊಣಕೈವರೆಗೆ ಹರಿದು ಬೋಗುಣಿಗೆ ಬಿತ್ತು. ಇಷ್ಟೇ ಅಲ್ಲವೇ, ಇದಕ್ಕಾಗಿ ಇಷ್ಟು ವರ್ಷ ಮೆರೆದಳೇ ಎಂದುಕೊಂಡೆ. ಎಲ್ಲ ಇಳಿದ ಮೇಲೆ ಮೇಲಿನ ನಟ್ಟಿಗೆ ಕೈ ಹಾಕಿದರೆ ಅದು ಜಪ್ಪಯ್ಯ ಎನ್ನಲಿಲ್ಲ. ಎರಡು ಸುಗ್ಗಿಯ ಮಣ್ಣು, ತುಕ್ಕು. ಇಪ್ಪತ್ತನಾಕು ಜಾರಿತೆಂದು ಇಪ್ಪತ್ತೇಳು ಹಾಕಿ, ಪಾನಾದ ಬಾಲಕ್ಕೆ ಕಲ್ಲಿನಿಂದ ಹೊಡೆದೆ. ನಟ್ಟಿನ ಮೂಲೆಗಳು ಸವೆದು ದುಂಡಗಾದವು. ಆಮೇಲೆ ಯಾವ ಪಾನಾ ಹಾಕಿದರೂ ಬಡಕಲು ಕೈಯಲ್ಲಿ ಬಳೆ ತಿರುಗಿದಂತೆ ಸುಮ್ಮನೆ ತಿರುಗುತ್ತಿತ್ತು. ಒಳಗೆ ಒಂದು ಹನಿ ಎಣ್ಣೆ ಇಲ್ಲ, ಹಾಕಲು ದಾರಿಯಿಲ್ಲ. ಎಣ್ಣೆಯಿಲ್ಲದೆ ಗಾಡಿ ಹೊರಟರೆ ಊರು ದಾಟುವ ಮುಂಚೆ ಒಳಗಿನ ಹಲ್ಲು ಮುರಿಯುತ್ತವೆ. ಯಾವ ಮೆಕ್ಯಾನಿಕ್ಕೂ ಮೊದಲು ಹಾಕುವ ಬಾಯಿ ತೆರೆದು ನೋಡದೆ ಬಿಡುವ ಬಾಯಿ ತೆರೆಯುವುದಿಲ್ಲ. ಇಷ್ಟು ವರ್ಷ ಆ ಕೆಲಸದ ನೆತ್ತಿಯ ಮೇಲೆ ಕೂತಿದ್ದರೂ ಆ ಒಂದು ಮಾತು ನನಗೆ ಕೇಳಿಸಿರಲಿಲ್ಲ. ಕೆಳಗಿದ್ದ ಇಬ್ಬರಿಗೂ ಗೊತ್ತಿದ್ದದ್ದನ್ನು ಅವರು ಬಾಯಿಬಿಟ್ಟು ಆಡುತ್ತಿರಲಿಲ್ಲ.

ಗಂಗಿ ಮೊದಲು ಬಂದಳು. ಅಪ್ಪ ದಾರಿಯಲ್ಲಿ ಯಾರೊಂದಿಗೋ ಮಾತಿಗೆ ನಿಂತಿದ್ದ. ಅವಳು ಬಗ್ಗಿ ನೋಡಿದಳು.

“ಅಕ್ಕಾ, ಮ್ಯಾಲಿಂದು ಮೊದ್ಲ ಬಿಚ್ಚಿದ್ದೇನು?”

“ಇಲ್ಲ.”

ಅವಳು ಒಂದು ಸಲ ದಾರಿಯ ಕಡೆ ನೋಡಿದಳು.

“ಹೊರಗ ಬಾ. ಸೀಮಿಎಣ್ಣಿಲೆ ಕೈ ತೊಳ್ಕೊ. ಬಟ್ಟಿ ಬದಲ್ ಮಾಡು.”

“ಗಂಗೀ, ನಾ…”

“ಬಾಯಿ ಮುಚ್ಚು. ಪುಸ್ತಕ ತಗೊಂಡು ಕುಂದ್ರು.”

ನಾನು ಕೂತೆ. ಅಪ್ಪ ಬಂದು ಗಾಡಿಯ ಕೆಳಗೆ ಇಳಿದ, ಹಲಗೆಯ ಕೆಳಗಿನಿಂದ ಎಲ್ಲ ಕೇಳಿಸಿತು.

“ಯಾರು ಬಿಚ್ಚಿದ್ದು ಇದನ್ನ?”

“ನಾನ ಅಪಾ. ನಿನಗಿಂತ ಮೊದ್ಲ ಬಂದೆ, ಮುಗಸಿಬಿಡೂನು ಅಂತ…”

“ಮ್ಯಾಲಿಂದು ಬಿಚ್ಚಲಾರದ?”

“ಮರ್ತೆ.”

“ಉಸರಾಡೂದು ಮರೀತಿಯೇನು?”

ನನ್ನ ಕೈಯಲ್ಲಿ ಇತಿಹಾಸದ ಪುಸ್ತಕವಿತ್ತು. ನಾನು ಪುಟ ತಿರುಗಿಸಿದೆ.

ಹಬ್ಬಕ್ಕೆ ಸಿಂಧನೂರಿನ ವೆಲ್ಡಿಂಗ್ ಅಂಗಡಿಗಳೆಲ್ಲ ಮುಚ್ಚಿದ್ದವು. ಪಾಡ್ಯ ಕಳೆದ ಮೇಲೆ ಒಬ್ಬ ಬಂದು, ದುಂಡಗಾದ ನಟ್ಟಿನ ತಲೆಗೆ ಇನ್ನೊಂದು ನಟ್ಟು ಬೆಸೆದು, ಅದನ್ನು ಹಿಡಿದು ತಿರುಗಿಸಿ ತೆಗೆದ. ಅಷ್ಟರಲ್ಲಿ ಮಸ್ಕಿಯ ಕ್ಯಾಂಪಿನವರು ಬೇರೆ ಮೆಕ್ಯಾನಿಕ್ಕನನ್ನು ಕರೆಸಿಕೊಂಡಿದ್ದರು. ಅಪ್ಪನಿಗೆ ಆ ಸುಗ್ಗಿಯ ದೊಡ್ಡ ಕೆಲಸ ತಪ್ಪಿತು. ಅವನು ಬೈಯಲಿಲ್ಲ. ಗಂಗಿಯ ಕೈಯಿಂದ ಪಾನಾಗಳ ಚೀಲ ತೆಗೆದುಕೊಂಡು ಹೇಳಿದ: “ಮುಂದಿನ ಎಣ್ಣಿನೀರಿನ ತನಕ ನೀ ಗಾಡಿ ಕೆಳಗ ಇಳಿಯಂಗಿಲ್ಲ.” ಆ ಮಾತಿನಲ್ಲಿ ‘ಲೇ’ ಇರಲಿಲ್ಲ. ನಾನು ಅದನ್ನು ಗಮನಿಸಿದೆ, ಮತ್ತು ನನಗೆ ಸಂತೋಷವಾಯಿತು. ಎರಡು ಸಾಲು ಬೇರೆ ಬರೆದು ಇದನ್ನು ಮುಚ್ಚಬಹುದಿತ್ತು, ಆದರೆ ಆದದ್ದು ಸಂತೋಷವೇ. ಗಂಗಿ ಇಂಥ ತಪ್ಪು ಮಾಡುವವಳಲ್ಲ ಎಂದು ಅಪ್ಪನಿಗೆ ಅನುಮಾನ ಬಂದಿರಲೂಬಹುದು. ಆದರೆ ಪಾನಾ ಹಿಡಿಯುವವರ ಲೆಕ್ಕದಲ್ಲಿ ನಾನು ಇರಲೇ ಇಲ್ಲ. ತಪ್ಪು ಮಾಡಿಯೂ ಅವನ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಅದಕ್ಕೂ ಉರಿದೆ. ಹಾಸ್ಟೆಲ್ಲಿಗೆ ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ಗಂಗಿಯನ್ನು ಕೇಳಿದೆ, ಯಾಕೆ ಹಾಗೆ ಹೇಳಿದೆ ಎಂದು.

“ನಿನ್ನ ಹೆಸರು ಹೇಳಿದ್ರ ಅಪ್ಪ ಕಾಲೇಜ್ ಬಿಡಸ್ತಿದ್ದ. ನಂದು ಒಂದು ವರ್ಷ ಹೋಗ್ತೈತಿ. ನಿಂದು ಎಲ್ಲಾ ಹೋಗ್ತಿತ್ತು.”

ಅಷ್ಟು ಹೇಳಿ ಶೇಂಗಾ ಕೊಳ್ಳಲು ಹೋದಳು. ಅವಳ ದೊಡ್ಡತನದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಆ ಮಾತನ್ನು ಅವಳು ಯೋಚಿಸಿ ಆಡಿದಂತೆಯೂ ಇರಲಿಲ್ಲ.

ಆ ವರ್ಷ ರಜೆಗೆ ಬಂದಾಗಲೆಲ್ಲ ಅಪ್ಪ ನನ್ನನ್ನು ಕೆಳಗೆ ಕರೆಯುತ್ತಾನೇನೋ ಎಂದು ಕಾದೆ. ಕರೆಯಲಿಲ್ಲ. ಗಂಗಿಯ ಜಾಗ ಖಾಲಿಯಾಯಿತೇ ಹೊರತು ನನ್ನದಾಗಲಿಲ್ಲ. ಅವನು ಒಬ್ಬನೇ ಮಲಗಿ ಕೆಲಸ ಮಾಡುತ್ತಿದ್ದ. ಆಗಾಗ ಗಾಡಿಯ ಕೆಳಗಿನಿಂದ ಅವನ ಕೈಯೊಂದು ಹೊರಗೆ ಬಂದು ಮಣ್ಣಿನಲ್ಲಿ ಪಾನಾ ತಡಕಾಡುತ್ತಿತ್ತು. ಗಂಗಿ ಸ್ಟೋವಿನ ಮುಂದೆ ಕೂತು ದಪ್ಪದಪ್ಪ ರೊಟ್ಟಿ ಬಡಿಯುತ್ತಿದ್ದಳು, ಅವ್ವ ಅವಕ್ಕೆ ಗಾಲಿ ಎಂದು ಹೆಸರಿಟ್ಟಿದ್ದಳು. ಆ ಕೈ ಹೊರಬಂದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿದ್ದಳು. ಅದು ಒಳಗೆ ಹೋದ ಮೇಲೆ ಮತ್ತೆ ಬಡಿಯುತ್ತಿದ್ದಳು. ಹೆಣ್ಣು ಮಗಳು ಒಲೆಯ ಮುಂದೆ ಕೂತದ್ದನ್ನು ಕಂಡ ಬಸಪ್ಪ ಮಾವನಿಗೆ ಅವಳಿಗೆ ಹದಿನೆಂಟು ತುಂಬಿದ್ದು ನೆನಪಾಯಿತು. ಲಿಂಗಸುಗೂರಿನ ಒಂದು ಮನೆ ನೋಡಿದ. ಸೊಸೆ ಹೊರಗೆ ದುಡಿಯಬಾರದು ಎನ್ನುವ ಅನುಕೂಲಸ್ಥರು. ದೀಪಾವಳಿಯಲ್ಲೇ ಬಂದು ಹುಡುಗಿ ನೋಡಿ, ಒಪ್ಪಿದರೆ ಅಲ್ಲೇ ಮಾತು ಮುಗಿಸುವುದೆಂದು ಠರಾವಾಯಿತು. ಅಪ್ಪ ಹ್ಞೂಂ ಎನ್ನಲಿಲ್ಲ, ಊಹ್ಞೂಂ ಎನ್ನಲಿಲ್ಲ. ಗಂಗಿ ಯಾರ ಮುಖವನ್ನೂ ನೋಡಲಿಲ್ಲ. ಒಂದು ವರ್ಷ ಎಂದು ಅವಳು ನನಗೆ ಕೊಟ್ಟದ್ದು ಈಗ ಅವಳ ಇಡೀ ಬದುಕಾಗುವುದರಲ್ಲಿತ್ತು. ಹೇಳಿದರೆ ನನ್ನ ಕಾಲೇಜು ಹೋಗುತ್ತದೆ, ಕೊನೆಯ ವರ್ಷ, ಪರೀಕ್ಷೆಗೆ ಐದು ತಿಂಗಳು. ಹೇಳದಿದ್ದರೆ ಗಂಗಿ ಹೋಗುತ್ತಾಳೆ. ಒಂದು ವಾರ ನಾನು ಹೇಳಲಿಲ್ಲ. ಆ ಒಂದು ವಾರವನ್ನೂ ಇಲ್ಲಿ ಬರೆದಿಡುತ್ತೇನೆ.

ಹಬ್ಬದ ಬೆಳಿಗ್ಗೆ ಮಾವ ಮೊದಲೇ ಬಂದು ಪಡಸಾಲೆಯಲ್ಲಿ ಕೂತು ಮಂಡಕ್ಕಿ ಸುಸಲಾ ತಿನ್ನುತ್ತಿದ್ದ. ಅವ್ವ ಅತಿಥಿಗಳಿಗೆ ಚಾಪೆ ಜಾಡಿಸುತ್ತಿದ್ದಳು. ಗಂಗಿ ಹೋಳಿಗೆಯ ಹಿಟ್ಟು ನಾದುತ್ತಿದ್ದಳು. ಕೆಳಗೆ ಅಪ್ಪ ಗಾಡಿಗೆ ಎಣ್ಣಿನೀರು ಹಾಕುತ್ತಿದ್ದ. ನಾನು ಹಲಗೆ ಎತ್ತಿದ ಕಿಂಡಿಯ ಹತ್ತಿರ ಮೊಣಕಾಲೂರಿ ಕೂತೆ. ಕೆಳಗಿನಿಂದ ಅಪ್ಪನ ಮುಖ ಮೇಲೆ ನೋಡಿತು.

“ಏನ್ರಿ ಬಾಯಾರ?”

“ಹೋದ ವರ್ಷ ನಟ್ಟು ಬಿಚ್ಚಿದ್ದು ಗಂಗಿ ಅಲ್ಲಪ್ಪಾ. ನಾನು.”

ಬೋಗುಣಿಗೆ ಎಣ್ಣೆ ತೊಟ್ಟಿಕ್ಕುವ ಸದ್ದು ಕೇಳಿಸುತ್ತಿತ್ತು. ಮೊದಲು ಮಾತಾಡಿದವನು ಮಾವ.

“ಹಂಗಾದ್ರ ಆತಲ್ಲ ಈರಣ್ಣ. ಪಾನಾ ಹಿಡದ್ರ ಪುಸ್ತಕ ಬಂದ್ ಅಂತ ನೀನ ಹೇಳಿದ್ದಿ. ಮಾತಿಗೆ ನಿಂದ್ರು. ಇಬ್ಬರ ಮದಿವಿನೂ ಒಂದ ಹಂದರದಾಗ ಮುಗಸೂನು.”

“ಹೇಳಿದ್ದು ಖರೆ,” ಎಂದ ಅಪ್ಪ ಕೆಳಗಿನಿಂದ. ಅಷ್ಟೇ. ಅವನು ನನ್ನ ಕಡೆ ನೋಡಲಿಲ್ಲ.

ಹಿಟ್ಟು ನಾದುವ ಸದ್ದು ನಿಂತಿತ್ತು.

“ಅಪಾ,” ಎಂದಳು ಗಂಗಿ, ಕೂತಲ್ಲಿಂದಲೇ. “ಪಾನಾ ಹಿಡಿಯೂದು ಅಂದ್ರೇನು?”

“ಏನಂದಿ?”

“ಇಪ್ಪತ್ತನಾಕರ ನಟ್ಟಿಗೆ ಇಪ್ಪತ್ತೇಳು ಹಾಕ್ಯಾಳ ಇಕಿ. ಮ್ಯಾಲ ಕಲ್ಲಿಲೆ ಬಡದಾಳ. ಬಿಡೂ ಬಾಯಿ ಯಾವುದು, ಹಾಕೂ ಬಾಯಿ ಯಾವುದು ಗೊತ್ತಿಲ್ಲ. ಇದಕ್ಕ ಪಾನಾ ಹಿಡಿಯೂದು ಅಂತಾರೇನು? ಕಾಗಿ ಕುಂತು ಟೊಂಗಿ ಮುರೀತು ಅಂದ್ರ, ಕಾಗಿಗೆ ಕಟಿಗಿ ಒಡಿಯಾಕ ಬರ್ತೈತಿ ಅಂತೀಯೇನು?”

ಕೆಳಗೆ ಅಪ್ಪನ ಭುಜ ಅಲುಗಿತು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ತೆರೆದು ನಕ್ಕ. ಆ ನಗು ಬರುವಾಗ ಅವನ ಮುಖ ಹೇಗಿರುತ್ತದೆಂದು ಮೊದಲ ಸಲ ಕಂಡೆ. ಬಲಗಡೆಯ ಒಂದು ಹಲ್ಲು ಇರಲಿಲ್ಲ, ಅದೂ ನನಗೆ ಗೊತ್ತಿರಲಿಲ್ಲ. ನನ್ನ ಓದು ಉಳಿದದ್ದು ನನ್ನ ನಿಜದಿಂದಲ್ಲ, ಆ ನಗುವಿನಿಂದ. ಆ ನಗು ತರಿಸಿದವಳು ಮತ್ತೆ ಅವಳೇ.

“ಕಲ್ಲಿಲೆ ಬಡದ್ಯಾ?” ಅಪ್ಪ ನನ್ನನ್ನು ಕೇಳಿದ.

“ಹೌದು.”

“ಲೇ ನೀಲಿ, ಸರಿಯಲೇ ಆಕಡಿ. ಬೆಳಕಿಗೆ ಅಡ್ಡ ಕುಂತಿ.” ಆಮೇಲೆ ದನಿ ಎತ್ತಿ, “ಗಂಗೀ, ಹಿಟ್ಟಿನ ಕೈ ತೊಳ್ಕೊ. ಇಪ್ಪತ್ತನಾಕು ತಗೊಂಡು ಇಳಿಯಲೇ.”

ನಾನು ಸರಿದು ಕೂತೆ. ಅವನು ನನ್ನನ್ನು ಕರೆದದ್ದು ಪಕ್ಕಕ್ಕೆ ಸರಿ ಎನ್ನಲಿಕ್ಕೆ, ಅವಳನ್ನು ಕರೆದದ್ದು ಇಳಿ ಎನ್ನಲಿಕ್ಕೆ. ಆದರೂ ಆ ‘ಲೇ’ ನನ್ನದೇ. ಮಧ್ಯಾಹ್ನ ಲಿಂಗಸುಗೂರಿನವರು ಬಂದರು, ಹೋಳಿಗೆ ಉಂಡರು. ಹುಡುಗಿ ಎಲ್ಲಿ ಎಂದು ಆ ಹುಡುಗನ ತಾಯಿ ಕೇಳಿದಾಗ ಅವ್ವ ಗಾಡಿಯ ಕೆಳಗಿನಿಂದ ಹೊರಗೆ ಚಾಚಿದ ಎರಡು ಪಾದಗಳನ್ನು ತೋರಿಸಿದಳು. ಅವರು ಎಲೆಅಡಿಕೆಗೂ ನಿಲ್ಲಲಿಲ್ಲ. ಮಾವ ಆರು ತಿಂಗಳು ನಮ್ಮ ಕಡೆ ಬರಲಿಲ್ಲ. ಕಾಲೇಜಿನ ಬಗ್ಗೆ ಅಪ್ಪ ಆ ದಿನ ಒಂದು ಮಾತೂ ಆಡಲಿಲ್ಲ. ನಾನು ಹಾಸ್ಟೆಲ್ಲಿಗೆ ಹೊರಟಾಗ ಮಾತ್ರ, ಪರೀಕ್ಷೆ ಯಾವಾಗ ಎಂದು ಕೇಳಿದ.

ಮೊದಲನೆಯ ದರ್ಜೆ ಬರುತ್ತದೆಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಮಾವನಿಗಂತೂ ಎರಡು ಸಲ ಹೇಳಿ ಕಳಿಸಿದ್ದೆ. ಪ್ರಮಾಣಪತ್ರ ಬಂದಿದೆ ಎಂದು ಕಾಲೇಜಿನಿಂದ ತಿಳಿಸಿದ ದಿನ ನಮ್ಮ ಮನೆಯೇ ಸಿಂಧನೂರಿಗೆ ಬಂತು. ಓಡಿಸಿದವಳು ಗಂಗಿ. ಗೇಟಿನ ಕಾವಲುಗಾರ ಕೈ ಅಡ್ಡ ಮಾಡಿ, ಇಲ್ಲಿ ಬಸ್ಸು ನಿಲ್ಲಿಸುವಂತಿಲ್ಲ ಎಂದ. “ಬಸ್ಸಲ್ಲಣ್ಣಾ, ಮನಿ. ಒಳಗ ನಮ್ಮವ್ವ ಅನ್ನಕ್ಕ ಇಟ್ಟಾಳ ನೋಡು,” ಎಂದಳು. ಅವನು ನೋಡಿದ, ಕೈ ಇಳಿಸಿದ. ಆಫೀಸಿನ ಕಿಟಕಿಯಲ್ಲಿ ಗುಮಾಸ್ತರು ಸಹಿ ಮಾಡಿಸಿಕೊಂಡು ಆ ದಪ್ಪ ಕಾಗದವನ್ನು ನನ್ನ ಕೈಗೆ ಕೊಟ್ಟರು. ನಾನು ಅಲ್ಲೇ ಓದಿಕೊಂಡೆ. ಹೊರಗೆ ಬೇವಿನ ಕಟ್ಟೆಯ ಮೇಲೆ ಅಪ್ಪ, ಗಂಗಿ ಕೂತಿದ್ದರು. ಅಪ್ಪ ಅದನ್ನು ಮುಟ್ಟಲಿಲ್ಲ. “ಓದ್ರಿ ಬಾಯಾರ,” ಎಂದ. ಗಂಗಿ ಪಕ್ಕಕ್ಕೆ ಸರಿದು, ಕಾಗದದ ಅಂಚಿಗೆ ಬೆರಳಿಟ್ಟು, ಒಂದೊಂದು ಸಾಲಿನ ಮೇಲೆ ಕಣ್ಣಿಟ್ಟು ಕೂತಳು. ನಾನು ವಿಶ್ವವಿದ್ಯಾಲಯದ ಹೆಸರು ಓದಿದೆ. ನನ್ನ ಹೆಸರು ಓದಿದೆ. ಅಪ್ಪನ ಹೆಸರು ಓದಿದಾಗ ಅವನು ಗಂಟಲು ಸರಿಮಾಡಿಕೊಂಡ. ಕಲಾ ಪದವಿ ಎಂಬಲ್ಲಿಗೆ ಓದಿ ನಿಲ್ಲಿಸಿದೆ.

“ಮುಂದ?” ಎಂದಳು ಗಂಗಿ.

“ಅಷ್ಟ.”

“ಅಷ್ಟ ಅಲ್ಲ. ಇನ್ನೊಂದು ಸಾಲು ಉಳದೈತಿ, ಎರಡನೇ ದರ್ಜೆನೋ ಮೂರನೇದೋ ಅದರಾಗ ಇರಬೇಕು. ಓದಾಕ ಬರಂಗಿಲ್ಲಕ್ಕ ನಮಗ, ಸಾಲು ಎಣಸಾಕ ಬರ್ತೈತಿ. ಪೂರಾ ಓದು.”